ಅಂಕ ಏರಿಸಿದ್ದು ಜೋಡಿ ಪಾಠವೋ, ಮಳೆ ಬಿಟ್ಟಿದ್ದೋ?

ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲು, ಹೆಸರು ಬೇಡ. ಅಲ್ಲಿನ ಹೆಡ್‌ಮಾಸ್ಟರು ಹಿಂದೆ ನನ್ನ ಜೊತೆ ಕೆಲಸ ಮಾಡಿದವರು. "ಸಾರ್, ರಿಟೈರಾಗಿ ಆರಾಮಾಗಿದೀರಲ್ಲ, ನಮ್ಮ ಜೋಡಿ ಪಾಠ ಹೆಂಗಾಗಿದೆ ನೋಡಿ ಒಂದು ಪುಟ ಬರ್ಕೊಡಿ" ಅಂತ ದಸರಾ ರಜೆಗೆ ಮುಂಚೆ ಫೋನ್ ಮಾಡಿದ್ದರು. ಹತ್ತನೇ ಕ್ಲಾಸಿನ ಒಬ್ಬರು ಎಂಟನೇ ಕ್ಲಾಸಿನ ಒಬ್ಬರಿಗೆ ಗಣಿತ ಹೇಳಿಕೊಡುವುದು. ಶಾಲೆ ಬಿಟ್ಟ ಮೇಲೆ, ವಾರಕ್ಕೆ ಮೂರು ದಿನ. ಆಗಸ್ಟ್‌ನಲ್ಲಿ ಶುರುವಾಗಿದೆ.

ಹೋದೆ. ಟೀ ಬರುವ ಮೊದಲೇ ವರ್ಷದ ನಡುನಡುವೆ ಇಡುವ ಕಿರುಪರೀಕ್ಷೆಗಳ (ಎಫ್‌ಎ) ಗ್ರಾಫ್ ಬಂತು. ಎಫ್‌ಎ-1ಕ್ಕಿಂತ ಎಫ್‌ಎ-2ರಲ್ಲಿ ಜೋಡಿ ಪಾಠದ ಎಂಟನೆಯವರೆಲ್ಲ ಮೇಲೆ. ಹೆಡ್‌ಮಾಸ್ಟರ ಮುಖ ನೋಡಬೇಕಿತ್ತು!

ನನಗೆ ನೆನಪಾಗಿದ್ದು ಜುಲೈ. ಪುನರ್ವಸು ಮಳೆ, ಪುಷ್ಯ ಮಳೆ ಎರಡೂ ಬಿಡದೆ ಹೊಡೆದ ತಿಂಗಳು. ಶಾಲೆ ನಡೆದ ದಿನಕ್ಕಿಂತ ಮಳೆ ರಜೆಯ ಸುದ್ದಿಯೇ ವಾಟ್ಸಾಪಿನಲ್ಲಿ ಹೆಚ್ಚು. ಎಂಟನೇ ಕ್ಲಾಸಿನವರಿಗಂತೂ ಶಾಲೆಯೇ ಹೊಸತು. ಆ ಒದ್ದೆ ತಿಂಗಳ ಕೊನೆಯಲ್ಲಿ ಎಫ್‌ಎ-1 ಬರೆದವರು ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಬರೆದರೆ, ಅದರ ಪಾಲನ್ನು ಬಿಸಿಲಿಗೂ ಕೊಡಬೇಕಲ್ಲವೇ? ಜೊತೆಗೆ ಜೋಡಿಗೆ ಆರಿಸಿದ್ದು ಅತಿ ಕಡಿಮೆ ಅಂಕದವರನ್ನೇ. ಅವರಲ್ಲಿ ಅವತ್ತು ಜ್ವರ ಇದ್ದವನು, ಪ್ರಶ್ನೆ ತಪ್ಪು ಓದಿದವಳು ಇದ್ದೇ ಇರುತ್ತಾರೆ. ಅಂಥವರು ಯಾರೂ ಹೇಳಿಕೊಡದಿದ್ದರೂ ಮುಂದಿನ ಸಲ ಒಂದಿಷ್ಟು ಮೇಲೆ ಬರುತ್ತಾರೆ.

"ನಾಲ್ಕೂವರೆ ಬಸ್ಸಿನ ಮಕ್ಕಳ ಅಂಕ ತೆಗೀರಿ" ಅಂದೆ. ಹಿನ್ನೀರಿನ ಕಡೆಯ ಮಕ್ಕಳು ಆ ಬಸ್ಸು ತಪ್ಪಿದರೆ ಮನೆ ಸೇರುವಂತಿಲ್ಲ, ಹಾಗಾಗಿ ಜೋಡಿ ಪಾಠಕ್ಕಿಲ್ಲ. ಅವರಲ್ಲೂ ಅಷ್ಟೇ ಕಡಿಮೆ ಅಂಕದವರನ್ನು ಹುಡುಕಿ ನೋಡಿದೆವು. ಅವರದ್ದೂ ಏರಿತ್ತು! ಜೋಡಿಯವರಷ್ಟಲ್ಲ, ಆದರೆ ಗ್ರಾಫಿನ ಅರ್ಧ ಹೊಳಪು ಅಲ್ಲೇ ಹೋಯಿತು. ಬಸ್ಸಿನ ಮಕ್ಕಳ ಕಷ್ಟವೇ ಬೇರೆ, ಪೂರ್ತಿ ಸಮ ಹೋಲಿಕೆ ಇದಲ್ಲ. ಆದರೂ ಏನೂ ಹೋಲಿಸದೆ ಇರುವುದಕ್ಕಿಂತ ವಾಸಿ.

ಸಂಜೆ ಪಾಠಕ್ಕೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅರ್ಧದಷ್ಟು ಜೋಡಿಗಳಲ್ಲಿ ನಡೆಯುತ್ತಿದ್ದದ್ದು ಪಾಠವಲ್ಲ, ನಕಲು. ದೊಡ್ಡವನು ಲೆಕ್ಕ ಮಾಡುತ್ತಾನೆ, ಚಿಕ್ಕವನು ಬರೆದುಕೊಳ್ಳುತ್ತಾನೆ, ಇಬ್ಬರಿಗೂ ಬೇಗ ಮನೆಗೆ ಹೋಗಬೇಕು. ರಿಜಿಸ್ಟರಿನಲ್ಲಿ ಮಾತ್ರ ಎರಡೂ ಸಹಿ.

ಕಿಟಕಿ ಪಕ್ಕದ ಜೋಡಿ ಬೇರೆ. ಮೂರನ್ನು ಕಾಲು ಭಾಗದಿಂದ (1/4) ಭಾಗಿಸುವ ಲೆಕ್ಕ. ದೊಡ್ಡ ಹುಡುಗಿ "ಕೆಳಗಿಂದು ಮೇಲೆ ಮಾಡಿ ಗುಣಿಸು, ಹನ್ನೆರಡು" ಅಂದಳು. ಚಿಕ್ಕವಳು ಬಿಡಲಿಲ್ಲ. "ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ಲ ಅಕ್ಕಾ, ಜಾಸ್ತಿ ಎಂತಕ್ಕೆ ಆಯ್ತು?" ಅಕ್ಕ ಗಪ್‌ಚಿಪ್. ನನ್ನ ಕಡೆ ನೋಡಿದಳು, ನಾನು ಬೇಕೆಂದೇ ಕಿಟಕಿಯಾಚೆ ನೋಡಿದೆ. ತುಂಬ ಹೊತ್ತಾದ ಮೇಲೆ ಕೇಳಿಸಿತು: "ಮೂರು ಸೇರು ಅಕ್ಕೀನ ಪಾವಲ್ಲಿ ಅಳದ್ರೆ ಎಷ್ಟು ಸಲ ಮೊಗೀಬೇಕು ಹೇಳು?" ಸೇರಿನ ಕಾಲು ಭಾಗವೇ ಪಾವು. ಚಿಕ್ಕವಳು ಬೆರಳು ಮಡಿಸಿ ಎಣಿಸಿದಳು. ಹೊರಡುವಾಗ ಆ ಅಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ, "ಸಾರ್, ನಂಗೂ ಇವತ್ತೇ ಗೊತ್ತಾಗಿದ್ದು" ಅಂದಳು.

ಇವಳ ಈ ಕಲಿಕೆಗೆ ಆ ಗ್ರಾಫಿನಲ್ಲಿ ಗೆರೆಯೇ ಇಲ್ಲ. 1982ರಲ್ಲಿ ಕೋಹೆನ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಇಂಥ ಪಾಠದ 65 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೇಳಿಕೊಡುವ ಮಕ್ಕಳೂ ಆ ವಿಷಯವನ್ನು ಚೆನ್ನಾಗಿ ಕಲಿಯುತ್ತಾರೆ ಅಂತಲೇ ಸಿಕ್ಕಿತ್ತು. 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳುತ್ತದೆ. ಆದರೆ ನಮ್ಮಲ್ಲಿ ಹತ್ತನೆಯವರನ್ನು ಯಾರೂ ಅಳೆಯುವುದೇ ಇಲ್ಲ. ಒಬ್ಬ ತಾಯಿ ಗೇಟಿನಲ್ಲೇ ಹಿಡಿದುಕೊಂಡರು: "ಮಾಸ್ಟ್ರೇ, ನಮ್ಮ ಹುಡುಗಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ಇವ್ಳು ಶಾಲೆಗೆ ಬರದು ಕಲಿಯಕ್ಕಾ, ಕಲ್ಸಕ್ಕಾ?" ಅವರಿಗೆ ತೋರಿಸಲು ನಮ್ಮ ಬಳಿ ಒಂದು ಅಂಕೆಯೂ ಇರಲಿಲ್ಲ.

ಇನ್ನೊಂದು ಅನುಮಾನ. ಹಿಂದಿನ ಹಳ್ಳಿ ಶಾಲೆಗಳಾದ ಕೂಲಿಮಠಗಳ ಕಾಲದಿಂದಲೂ ದೊಡ್ಡ ಹುಡುಗ ಚಿಕ್ಕವರಿಗೆ ಮಗ್ಗಿ ಹೇಳಿಸುತ್ತಿದ್ದ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದ್ರಾಸಿನಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿ ಕಟ್ಟಿ 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಮಾಡಿದ. ಅಲ್ಲಿ ಅದು ಹಬ್ಬಿದ್ದಕ್ಕೆ ದೊಡ್ಡ ಕಾರಣ, ಒಬ್ಬನೇ ಮೇಷ್ಟ್ರ ಸಂಬಳದಲ್ಲಿ ನೂರಾರು ಮಕ್ಕಳ ಶಾಲೆ ನಡೆಯುತ್ತಿತ್ತು ಎನ್ನುವುದು. ಈ ಶಾಲೆಯಲ್ಲೂ ಗಣಿತದ ಒಂದು ಹುದ್ದೆ ಖಾಲಿ ಇದೆ. ಜೋಡಿ ಪಾಠ ಚೆನ್ನಾಗಿದೆ ಅಂತ ನಾನು ಬರೆದ ಪುಟವನ್ನು ನಾಳೆ ಯಾರಾದರೂ ಆ ಖಾಲಿ ಕುರ್ಚಿಯ ಮೇಲೆ ಹೊದಿಸಿದರೆ?

ಆದ್ದರಿಂದ ಬರೆದೆ: ಮುಂದುವರಿಸಿ, ಮೇಷ್ಟ್ರ ಬದಲಿಗೆ ಅಲ್ಲ. ಹತ್ತನೆಯವರಿಗೂ ಮೊದಲು, ಆಮೇಲೆ ಪರೀಕ್ಷೆ ಇಡಿ. ರಿಜಿಸ್ಟರ್ ಬಿಟ್ಟು ದಿನಕ್ಕೊಂದು ಜೋಡಿಯ ಪಕ್ಕ ಹತ್ತು ನಿಮಿಷ ಕೂತು, ಪ್ರಶ್ನೆ ಯಾರು ಕೇಳುತ್ತಿದ್ದಾರೆ ಗಮನಿಸಿ.

"ಹಂಗಾದ್ರೆ ಗ್ರಾಫ್ ಹಾಕದಾ ಬೇಡ್ವಾ ಸಾರ್?" ಅಂದರು ಹೆಡ್‌ಮಾಸ್ಟರು.

ಹಾಕಿ, ಪಕ್ಕದಲ್ಲಿ ಬಸ್ಸಿನ ಮಕ್ಕಳ ಗೆರೆಯನ್ನೂ ಎಳೀರಿ ಅಂದೆ. ಎಫ್‌ಎ-3 ಬರುವ ಹೊತ್ತಿಗೆ ಅಡಿಕೆ ಗೊನೆಯ ಕೊಯ್ಲು ಶುರುವಾಗಿರುತ್ತದೆ, ರಾತ್ರಿಯೆಲ್ಲ ಅಡಿಕೆ ಸುಲಿದ ಮಕ್ಕಳು ಬೆಂಚಿನ ಮೇಲೆ ತೂಕಡಿಸುತ್ತಾರೆ. ಆಗ ಗೆರೆ ಕೆಳಗಿಳಿದರೆ ಜೋಡಿ ಪಾಠ ಕೆಟ್ಟದ್ದು ಅಂತ ನನಗೆ ಫೋನ್ ಮಾಡಬೇಡಿ ಅಂತಲೂ ಹೇಳಿ ಬಂದಿದ್ದೇನೆ.