ಹಗ್ಗ ಕೊಟ್ಟು ತಿರುಗಿ ನಡೆದವನು

ಕೆಲವು ವರ್ಷದ ಹಿಂದಿನ ಮಾತು. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಕುದುರೆ ತರೋಕೆ ಹೊರಟಿದ್ದರು. "ಟ್ರೇಲರ್‌ಗೆ ಹತ್ತಿಸುವಾಗ ಇನ್ನೊಬ್ಬರಿದ್ದರೆ ಒಳ್ಳೆಯದು, ಬರ್ತೀಯಾ?" ಎಂದು ಕೇಳಿದರು. ಶನಿವಾರ, ನನಗೂ ಕೆಲಸ ಇರಲಿಲ್ಲ. ಹೋದೆ.

ನಾನಿರುವುದು ಅಮೆರಿಕದ ನೆವಾಡ ರಾಜ್ಯದ ರೀನೋದಲ್ಲಿ. ಮುಕ್ಕಾಲು ಗಂಟೆ ದಾರಿಯಲ್ಲಿ ಕಾರ್ಸನ್ ಸಿಟಿ. ಕುದುರೆ ಇದ್ದದ್ದು ಅಲ್ಲಿನ ಜೈಲಿನಲ್ಲಿ. ಜೈಲು ಅಂದರೆ ನಿಜವಾದ ಜೈಲೇ. ಸರ್ಕಾರ ಬಯಲಿನಿಂದ ಹಿಡಿದು ತಂದ ಮಸ್ಟಾಂಗ್ ಕುದುರೆಗಳನ್ನು ಕೈದಿಗಳು ಸುಮಾರು ನಾಲ್ಕು ತಿಂಗಳು ಪಳಗಿಸುತ್ತಾರೆ. ಆಮೇಲೆ ಒಂದು ದಿನ ಬಾಗಿಲು ತೆರೆದು ಜನರನ್ನು ಒಳಗೆ ಬಿಡುತ್ತಾರೆ. ಪಳಗಿಸಿದವರೇ ಜೀನು ಹಾಕಿ ಸವಾರಿ ಮಾಡಿ ತೋರಿಸುತ್ತಾರೆ. ಹರಾಜು ಕೂಗುತ್ತಾರೆ, ಕಾಗದದಲ್ಲಿ ಮಾತ್ರ ಅದು ದತ್ತು.

ಇವರಿಗೆ ಸಿಕ್ಕಿದ್ದು ಕಂದು ಬಣ್ಣದ ಗಂಡು ಕುದುರೆ. ಅದನ್ನು ಪಳಗಿಸಿದವನಿಗೆ ಮೂವತ್ತು ಇರಬಹುದು. ಹಗ್ಗವನ್ನು ಇವರ ಕೈಗೆ ಕೊಡುತ್ತಾ, "ಬಲಗಡೆಯಿಂದ ಹೋಗಬೇಡಿ. ಹೋಗಲೇಬೇಕಾದರೆ ಮೊದಲು ಕೈ ಚಾಚಿ, ಅದು ಮೂಸಲಿ" ಎಂದ. ಕುತ್ತಿಗೆ ಮೇಲೆ ಎರಡು ಸಲ ಕೈಯಾಡಿಸಿದ. ತಿರುಗಿ ನಡೆದುಬಿಟ್ಟ. ಕುದುರೆಯ ಎರಡೂ ಕಿವಿ ಅವನು ಹೋದ ಕಡೆಗೇ ನೆಟ್ಟಿದ್ದವು. ಅವನು ಹಿಂದೆ ತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಕೇಳಿದೆ, "ಅವನ ಹೆಸರೇನು?"

"ಅಯ್ಯೋ, ಕೇಳಲೇ ಇಲ್ಲ ನೋಡು" ಎಂದರು. ಆಮೇಲೆ ಕಾಫಿ ಎಲ್ಲಿ ಕುಡಿಯೋಣ ಅಂದರು.

ನನಗೆ ಚುರ್ ಅಂತು.

ನಾನು ಹುಣಸೂರು ಕಡೆಯವನು. ವೀರನಹೊಸಹಳ್ಳಿಯಲ್ಲಿ ಗಜಪಯಣ ಹೊರಡುವಾಗ ಜನರ ನಡುವೆ ನುಗ್ಗಿ ನಿಂತವನು. ನಮ್ಮಲ್ಲಿ ಆನೆಯ ಹೆಸರು ಹೇಳಿದರೆ ಹಿಂದೆಯೇ ಮಾವುತನ ಹೆಸರೂ ಬರುತ್ತದೆ, ಅಲ್ವಾ? ಅವನ ಹೆಂಡತಿ ಮಕ್ಕಳು ಸಾಮಾನು ಕಟ್ಟಿಕೊಂಡು ಆನೆ ಜೊತೆ ಮೈಸೂರಿಗೆ ಬರುತ್ತಾರೆ. ಅರಮನೆ ಆವರಣದಲ್ಲೇ ಟೆಂಟು, ಅಲ್ಲೇ ಒಲೆ. ಮಗು ಆನೆಯ ಕಾಲ ಸಂದಿಯಲ್ಲಿ ಆಡುತ್ತಿರುತ್ತದೆ. ಮಾವುತನ ಸಹಾಯಕ ಕಾವಾಡಿ ಕೂತು ಹುಲ್ಲಿನಲ್ಲಿ ಭತ್ತ, ಬೆಲ್ಲ, ಕಾಯಿ ಸುತ್ತಿ ಕುಸುರೆ ಕಟ್ಟುತ್ತಿರುತ್ತಾನೆ. ಎಷ್ಟೋ ಮನೆಗಳಲ್ಲಿ ಅಪ್ಪನ ಆನೆಯನ್ನು ಮಗ ನೋಡಿಕೊಳ್ಳುತ್ತಾನೆ. ಇಲ್ಲಿ ನಾಲ್ಕು ತಿಂಗಳು ಒಂದು ಪ್ರಾಣಿಯ ಬೆನ್ನು ಹತ್ತಿ ಇಳಿದವನಿಗೆ ಹೆಸರೇ ಇಲ್ಲ.

ಆನೆಗೂ ಕುದುರೆಗೂ ಎಲ್ಲಿಯ ಹೋಲಿಕೆ ಅನ್ನಬೇಡಿ. ಹಾಗೆ ನೋಡಿದರೆ ಮಸ್ಟಾಂಗನ್ನು ಕಾಡುಕುದುರೆ ಅನ್ನುವುದೂ ಅಷ್ಟು ಸರಿಯಲ್ಲ. ಸ್ಪೇನಿನವರು ತಂದ ಕುದುರೆಗಳು ತಪ್ಪಿಸಿಕೊಂಡು ಬಯಲು ಸೇರಿ ಮರಿ ಹಾಕಿದ ವಂಶ ಅದು, ಆಮೇಲೆ ಬೇರೆ ತಳಿಗಳೂ ಬೆರೆತವು. ಆದರೆ ಮನುಷ್ಯನ ಕೈ ಕಾಣದೆ ಬೆಳೆದದ್ದು. ಹತ್ತಿರ ಹೋದರೆ ಒದೆಯುತ್ತದೆ. ನನ್ನ ಲೆಕ್ಕಕ್ಕೆ ಅಷ್ಟು ಸಾಕು.

ಇಲ್ಲಿಯವರಿಗೆ ಕುದುರೆ ಮೇಲೆ ಪ್ರೀತಿ ಇಲ್ಲ ಅಂತ ಹೇಳುತ್ತಿಲ್ಲ. 1950ರಲ್ಲಿ ವೆಲ್ಮಾ ಜಾನ್‌ಸ್ಟನ್ ಎಂಬ ಹೆಂಗಸು ಇದೇ ರೀನೋಗೆ ಕೆಲಸಕ್ಕೆ ಬರುವಾಗ ಮುಂದಿನ ಲಾರಿಯಿಂದ ರಕ್ತ ಸೋರುವುದನ್ನು ಕಂಡರು. ಒಳಗಿದ್ದದ್ದು ಕಸಾಯಿಖಾನೆಗೆ ಹೊರಟ ಮಸ್ಟಾಂಗ್‌ಗಳು. ಅಲ್ಲಿಂದ ಶುರುವಾದ ಹೋರಾಟ. ಶಾಲೆ ಮಕ್ಕಳು ಕೂಡ ಸರ್ಕಾರಕ್ಕೆ ರಾಶಿ ರಾಶಿ ಕಾಗದ ಬರೆದರು. 1971ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿ ಕಾಡುಕುದುರೆ, ಕಾಡುಕತ್ತೆಗಳನ್ನು ಕಾಯುವ ಕಾನೂನು ತಂದರು. ನಮ್ಮ ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಅಟ್ಟಿ ಕೂಡಿಹಾಕಿ ಹಿಡಿಯುವ ಖೆಡ್ಡಾ ಕೊನೆಯ ಸಲ ನಡೆದದ್ದೂ 1971ರಲ್ಲೇ. ಎರಡು ಕಡೆಯವರಿಗೂ ಒಂದೇ ವರ್ಷ ಬುದ್ಧಿ ಬಂತು ಅಂತ ನಾನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು.

ಕಾನೂನು ಬಂದ ಮೇಲೆ ಕುದುರೆಗಳು ಹೆಚ್ಚಿದವು. ಒಂದು ಹಿಂಡು ವರ್ಷಕ್ಕೆ ಶೇಕಡಾ 20ರವರೆಗೂ ಬೆಳೆಯುತ್ತದಂತೆ. ಈ ಒಣ ನೆಲ ತಡೆಯುವುದು, ಕತ್ತೆಗಳೂ ಸೇರಿ, ಹೆಚ್ಚೆಂದರೆ ಸುಮಾರು 25,500 ಅಂತ ಸರ್ಕಾರದ ಲೆಕ್ಕ. ಇರುವುದು 70,000ಕ್ಕೂ ಜಾಸ್ತಿ. ಅದಕ್ಕೇ ಹೆಲಿಕಾಪ್ಟರ್ ಬಿಟ್ಟು ಅಟ್ಟಿಸಿ ಹಿಡಿಯುತ್ತಾರೆ. ಹಿಡಿದ ಮೇಲೆ ಕುತ್ತಿಗೆಯ ಎಡಗಡೆ ಕೂದಲು ಬೋಳಿಸಿ, ದ್ರವ ಸಾರಜನಕದಲ್ಲಿ ಅದ್ದಿದ ಅಚ್ಚು ಒತ್ತುತ್ತಾರೆ. ಆ ಜಾಗದಲ್ಲಿ ಕೂದಲು ಬೆಳ್ಳಗೆ ಹುಟ್ಟುತ್ತದೆ. ಅಂಕಿ ಅಲ್ಲ, ಸಣ್ಣ ಸಣ್ಣ ಮೂಲೆಗಳಂಥ ಗೀಟು. ಓದಲು ಬಂದವರಿಗೆ ಅದು ಹುಟ್ಟಿದ ವರ್ಷವೂ ಗೊತ್ತಾಗುತ್ತದೆ. ಅಂದು ಟ್ರೇಲರಿನಲ್ಲಿ ಆ ಗುರುತಿನ ಮೇಲೆ ಬೆರಳಾಡಿಸಿ ನೋಡಿದೆ. ನುಣುಪಾಗಿತ್ತು, ಗಾಯದ ಗಡಸು ಇರಲಿಲ್ಲ.

ಪಳಗಿಸುವ ರೀತಿಯೂ ಚೆನ್ನಾಗಿದೆ, ಅದನ್ನೂ ಒಪ್ಪುತ್ತೇನೆ. ಗುಂಡನೆಯ ಅಂಗಳದಲ್ಲಿ ಕುದುರೆ ಬಿಟ್ಟು ನಡುವೆ ನಿಲ್ಲುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗುವುದು. ಅದು ಓಡದೆ ನಿಂತಿತೋ, ತಕ್ಷಣ ಇವರು ಹಿಂದೆ ಸರಿಯುವುದು. ಒತ್ತಾಯ ಮಾಡಿದಾಗ ಅಲ್ಲ, ಒತ್ತಾಯ ಬಿಟ್ಟಾಗ ಕುದುರೆ ಕಲಿಯುತ್ತದೆ ಅನ್ನುತ್ತಾರೆ. ಗೋಳಾಡಿಸಿ ಗೋಳಾಡಿಸಿ ಕೊನೆಗೊಂದು ದಿನ ಭುಜ ಮುಟ್ಟಲು ಬಿಡುತ್ತದೆ. ಎಡಗಡೆ ಕಲಿತದ್ದನ್ನು ಬಲಗಡೆಗೆ ಮತ್ತೆ ಮೊದಲಿನಿಂದ ಕಲಿಸಬೇಕಂತೆ. ಆ ಹುಡುಗ ಹೇಳಿದ್ದು ಅದನ್ನೇ.

ಇಷ್ಟೆಲ್ಲ ಮಾಡಿ, ಒಂದು ಜೀವ ನಿನ್ನನ್ನು ನಂಬುವ ಹೊತ್ತಿಗೆ, ತಗೊಳ್ಳಿ ಅಂತ ಗುರುತಿಲ್ಲದವರ ಕೈಗೆ ಕೊಡುವುದು! ಕೊಟ್ಟ ಮೇಲೆ ಉಳಿಯುವುದು ಬರೀ ಕಾಗದ. ಕಾಡುಕುದುರೆ ದತ್ತು ಬೇಕೆಂದರೆ ಅರ್ಜಿ ಹಾಕಬೇಕು. ಒಂದೊಂದಕ್ಕೆ ಕಡಿಮೆಯೆಂದರೂ 400 ಚದರ ಅಡಿ ಜಾಗ, ದೊಡ್ಡ ಕುದುರೆಯಾದರೆ 6 ಅಡಿ ಬೇಲಿ, ಮೇಲೊಂದು ಸೂರು. ಪ್ರಾಣಿ ಹಿಂಸೆ ಮಾಡಿ ಶಿಕ್ಷೆಯಾದವರಿಗೆ ಕೊಡುವುದಿಲ್ಲ. ಮೊದಲ ಒಂದು ವರ್ಷ ಕುದುರೆ ನಿನ್ನ ಕೊಟ್ಟಿಗೆಯಲ್ಲಿದ್ದರೂ ಸರ್ಕಾರದ್ದೇ. ಬಂದು ನೋಡಿ ಹೋಗಬಹುದು. ಸರಿಯಿದ್ದರೆ ಆಮೇಲೆ ನಿನ್ನ ಹೆಸರಿಗೆ. ನಾನು ನಮ್ಮವರ ಹತ್ತಿರ ಇದನ್ನು ಹೇಳಿ ನಕ್ಕಿದ್ದೇನೆ. ಬೇಲಿ ಅಳೆಯುವವರು ಮನುಷ್ಯನ ಹೆಸರು ಕೇಳುವುದಿಲ್ಲ ಅಂತ.

ಕಾಗದವೂ ಎಲ್ಲ ಸಲ ಕಾಯುವುದಿಲ್ಲ. 2019ರಲ್ಲಿ, ದತ್ತು ತೆಗೆದುಕೊಂಡರೆ ಕುದುರೆಗೆ 1,000 ಡಾಲರ್ ಕೊಡುತ್ತೇವೆ ಅಂದರು. ವರ್ಷ ಕಳೆದು ಹೆಸರಿಗೆ ಆದ ಮೇಲೆ ಕೆಲವರು ದುಡ್ಡು ಜೇಬಿಗೆ ಹಾಕಿಕೊಂಡು ಕುದುರೆಯನ್ನು ಕಸಾಯಿಯವರು ಬರುವ ಹರಾಜಿಗೆ ಅಟ್ಟಿದರು. 2021ರಲ್ಲಿ ಪತ್ರಿಕೆಯಲ್ಲಿ ಬಂತು.

2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವಾಗ ನಮ್ಮ ಅರ್ಜುನ ಸತ್ತ. ಎಂಟು ವರ್ಷ ಅಂಬಾರಿ ಹೊತ್ತ ಆನೆ. ಅದರ ಮಾವುತ ಅತ್ತದ್ದನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ನಾನು ಇಲ್ಲಿ ರಾತ್ರಿ ಮಂಚದ ಮೇಲೆ ಕೂತು ಮೂರು ಸಲ ನೋಡಿದೆ. ಮರುದಿನ ಆಫೀಸಿನಲ್ಲಿ ಆ ಸಹೋದ್ಯೋಗಿಗೆ ತೋರಿಸಿದೆ. "ಅವರ ಸ್ವಂತ ಆನೆಯಾ?" ಎಂದು ಕೇಳಿದರು. ಅಲ್ಲ, ಸರ್ಕಾರದ್ದು ಅಂದೆ. ಅವರು ಮತ್ತೆ ಸುಮ್ಮನೆ ನೋಡಿದರು. ಗೆದ್ದೆ ಅನ್ನಿಸಿತು ನನಗೆ. ಸಾವಿನಲ್ಲೂ ಗೆಲ್ಲುವ ಚಟ ನೋಡಿ.

ಆ ವಾರವೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅರ್ಜುನನ ಮಾತು ಬಂತು, ಜೈಲಿನ ಹರಾಜಿನ ಕಥೆಯನ್ನೂ ಹೇಳಿದೆ. ಅವರೂ ಛೀ ಅನ್ನುತ್ತಾರೆ ಅಂದುಕೊಂಡಿದ್ದೆ.

"ಅರ್ಜುನನ್ನೂ ಕಾಕನಕೋಟೆ ಖೆಡ್ಡಾದಲ್ಲೇ ಹಿಡಿದಿದ್ದು ಕಣಪ್ಪ, ಅರವತ್ತೆಂಟ್ರಲ್ಲಿ. ನಾವು ಹುಡುಗ್ರು, ನೋಡಕ್ಕೋಗಿದ್ವಿ. ಹಿಡಿದ ಆನೆಗಳನ್ನೆಲ್ಲ ಸರ್ಕಾರ ಇಟ್ಕತ್ತಿತ್ತು ಅಂದ್ಕಂಡಿದೀಯಾ? ಹರಾಜೇ ಹಾಕ್ತಿದ್ದಿದ್ದು. ಮರದ ಸಾಹುಕಾರ್ರು ಬಂದು ಕೂಗೋರು. ಎಲ್ಲಿಗೆ ಹೊಡ್ಕಂಡೋಗ್ತೀಯ, ಏನು ಹಾಕ್ತೀಯ ಅಂತ ಯಾರೂ ಕೇಳ್ತಿರ್ಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು, "ಕ್ರಾಲ್‌ನಲ್ಲಿ ಅವು ಕೂಗೋದ ಕೇಳಿದೀಯಾ ನೀನು?" ಅಂದರು. ನಾನು ಕೇಳಿಲ್ಲ. ದಿಮ್ಮಿಗಳ ನಡುವೆ ಕೂಡಿಹಾಕಿದ ಫೋಟೋ ಮಾತ್ರ ನೋಡಿದ್ದೇನೆ.

ಫೋನ್ ಇಟ್ಟ ಮೇಲೆ ನೆನಪಾದದ್ದು ಆನೆಯಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮನೆ ಸೀಮೆಹಸು ಗಂಡುಕರು ಹಾಕಿತು. ಹಣೆ ಮೇಲೆ ಬಿಳಿ ಬೊಟ್ಟು. ಹಾಲು ಬಿಡಿಸುವ ಹೊತ್ತಿಗೆ ಒಬ್ಬ ಬಂದ. "ಸಾಕ್ಕಂತೀನಿ ಸ್ವಾಮಿ" ಅಂದ. ಅಪ್ಪ ತಲೆಯಾಡಿಸಿದರು. ಅವನು ಎಲ್ಲಿಯವನು, ಅವನ ಹತ್ತಿರ ಕೊಟ್ಟಿಗೆ ಇದೆಯಾ, ಯಾರೂ ಕೇಳಲಿಲ್ಲ. ಕೇಳಬಾರದು ಅಂತ ಎಲ್ಲರಿಗೂ ಗೊತ್ತಿತ್ತು. ಅವ್ವ ಹಗ್ಗ ಮಾತ್ರ ಬಿಚ್ಚಿಟ್ಟುಕೊಂಡರು. ಕರು ಅವನು ತಂದ ಹಗ್ಗದಲ್ಲಿ ಹೋಯಿತು.

ಇನ್ನು ಲೆಕ್ಕಕ್ಕೆ ಬಂದರೆ, ನಮ್ಮ ಆನೆ ಶಿಬಿರಗಳನ್ನೆಲ್ಲ ಸೇರಿಸಿದರೂ ಇವರು ಕೂಡಿಟ್ಟಿರುವ ಕುದುರೆಗಳ ಒಂದು ಮೂಲೆಗೂ ಸಾಲದು. ಹಿಡಿದ ಮೇಲೆ ಮನೆ ಸಿಗದೆ ಸರ್ಕಾರದ ಮೇವು ತಿನ್ನುತ್ತಿರುವವೇ 60,000ಕ್ಕೂ ಹೆಚ್ಚು. ಒಬ್ಬೊಬ್ಬ ಮಾವುತ, ಒಬ್ಬೊಬ್ಬ ಕಾವಾಡಿ ಎಲ್ಲಿಂದ ತರುವುದು? ಮಾವುತ ಜೀವಮಾನವೆಲ್ಲ ಆನೆಯ ಜೊತೆ ಇರುತ್ತಾನೆ ಅಂತ ನಾನು ಹಾಡಿಹೊಗಳಿದೆನಲ್ಲ, ಅವನಿಗೆ ಬಿಟ್ಟು ಹೋಗಲು ಬೇರೆ ದಾರಿ ಇದೆಯಾ ಅಂತಲೂ ಯಾರೂ ಕೇಳಿಲ್ಲ. ನಾನಂತೂ ಕೇಳಿಲ್ಲ. ಆ ಜೈಲಿನ ಹುಡುಗ ಒಂದು ಕುದುರೆಯ ಹಗ್ಗ ಕೊಟ್ಟು ಇನ್ನೊಂದರ ಹತ್ತಿರ ಹೋದ. ಒಂದು ದಿನ ಜೈಲಿನಿಂದಲೂ ಹೋಗಿರುತ್ತಾನೆ.

ಹೋದ ತಿಂಗಳು ಸಹೋದ್ಯೋಗಿಯ ಮನೆಗೆ ಹೋಗಿದ್ದೆ. ಕಂದು ಕುದುರೆ ಹೊಟ್ಟೆ ಬಂದು ದುಂಡಗಾಗಿದೆ. ಬೇಲಿ ನನ್ನ ತಲೆಗಿಂತ ಎತ್ತರ. ನಾನು ಗೇಟು ದಾಟಿ ಸೀದಾ ಒಳಗೆ ಕಾಲಿಟ್ಟೆ.

"ಅಲ್ಲಿಂದ ಬೇಡ, ಅದು ಬಲಗಡೆ" ಎಂದರು ಅವರು. "ಮೊದಲು ಕೈ ಚಾಚು. ಮೂಸಲಿ."

ನಿಂತೆ. ಕೈ ಚಾಚಿದೆ. ಅದು ಬಹಳ ಹೊತ್ತು ಕಾಯಿಸಿತು.