ಕಾಲ್ಗುಣವೆಂಬ ಹವಾಮಾನ ಶಾಸ್ತ್ರ

ಕರ್ನಾಟಕದ ರಾಜಕಾರಣದಲ್ಲಿ ಹವಾಮಾನದ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂದು ಕೊರಗುವವರಿದ್ದಾರೆ. ಪಾಪ, ಅವರು ನಮ್ಮ ನಾಯಕರ ಪತ್ರಿಕಾ ಹೇಳಿಕೆಗಳನ್ನು ಓದುವುದಿಲ್ಲವೆಂದು ಕಾಣುತ್ತದೆ. ಮನುಷ್ಯನ ನಡೆಗೂ ಮಳೆಗೂ ನೇರ ಸಂಬಂಧವಿದೆ ಎಂಬುದನ್ನು ಇಲ್ಲಿ ಎಲ್ಲ ಪಕ್ಷಗಳೂ ಎಂದೋ ಒಪ್ಪಿಕೊಂಡಿವೆ. ಆ ಮನುಷ್ಯ ಒಬ್ಬನೇ, ಅವನು ಮುಖ್ಯಮಂತ್ರಿ ಎನ್ನುವುದಷ್ಟೇ ನಮ್ಮ ವಿಶೇಷ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 195 ಸದಸ್ಯ ರಾಷ್ಟ್ರಗಳು ವರ್ಷಗಟ್ಟಲೆ ಕುಳಿತು ಸಾವಿರಾರು ಪುಟಗಳಲ್ಲಿ ಹೇಳಿದ್ದನ್ನು ನಾವು ಎರಡು ಪಾದಗಳಲ್ಲಿ ಮುಗಿಸಿದ್ದೇವೆ. ಮಳೆ ಕೈಕೊಟ್ಟರೆ ಅವರ ಕಾಲ್ಗುಣ. ಕೆರೆ ಕೋಡಿ ಹರಿದರೆ ನಮ್ಮವರ ಕಾಲ್ಗುಣ.

ಈ ಶಾಸ್ತ್ರದ ಸೊಗಸೇನೆಂದರೆ, ಇದರಲ್ಲಿ ಇಂಗಾಲವಿಲ್ಲ, ಕಲ್ಲಿದ್ದಲಿಲ್ಲ, ಕೆರೆ ಮುಚ್ಚಿ ಹಂಚಿದ ನಿವೇಶನಗಳಿಲ್ಲ. ಪಾದ ಬದಲಾದರೆ ಪರಿಹಾರ ಸಿಕ್ಕಂತೆಯೇ. ಅದಕ್ಕೆ ಬೇಕಾದದ್ದು ಬಹುಮತ ಮಾತ್ರ.

2019ರಲ್ಲಿ ಈ ಶಾಸ್ತ್ರಕ್ಕೆ ರಾಜ್ಯಮಟ್ಟದ ಪರೀಕ್ಷೆಯೇ ಒದಗಿತು. ಮಳೆ ತಡವಾಯಿತೆಂದು ಜೂನ್ ಮೊದಲ ವಾರ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ ನಡೆಸುವಂತೆ ಸರ್ಕಾರವೇ ಸುತ್ತೋಲೆ ಹೊರಡಿಸಿತು. ಖರ್ಚಿನ ಮಿತಿ 10,001 ರೂಪಾಯಿ. ಆ ಕೊನೆಯ ಒಂದು ರೂಪಾಯಿಯನ್ನು ಮೆಚ್ಚಬೇಕು. ಬರ ನಿರ್ವಹಣೆಯ ಇಡೀ ಇತಿಹಾಸದಲ್ಲಿ ಇಷ್ಟು ಕರಾರುವಾಕ್ಕಾದ ಅಂದಾಜು ಮತ್ತೆಲ್ಲೂ ಕಂಡಿಲ್ಲ. ಅದೇ ವಾರ ಉಡುಪಿಯಲ್ಲಿ ಎರಡು ಕಪ್ಪೆಗಳಿಗೆ ಮದುವೆಯೂ ಆಯಿತು. ಜುಲೈ 23ರಂದು ಸರ್ಕಾರ ಬಿತ್ತು. ಆಗಸ್ಟ್‌ನಲ್ಲಿ ಮಳೆ ಬಿತ್ತು. ಎಷ್ಟು ಬಿತ್ತೆಂದರೆ 103 ತಾಲ್ಲೂಕುಗಳು ನೆರೆಪೀಡಿತ ಎನಿಸಿಕೊಂಡವು. ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಊರೂರುಗಳ ಒಳಗೆ ನುಗ್ಗಿದಾಗ ರಾಜ್ಯದ ಸಚಿವ ಸಂಪುಟದಲ್ಲಿ ಇದ್ದವರು ಮುಖ್ಯಮಂತ್ರಿ ಒಬ್ಬರೇ. ಸಚಿವರು ಪ್ರಮಾಣವಚನ ಸ್ವೀಕರಿಸಿದ್ದು ಆಗಸ್ಟ್ 20ಕ್ಕೆ. ಈ ಮಳೆ ಹಳೆಯ ಸರ್ಕಾರದ ಹೋಮದ ಫಲವೋ, ಹೊಸ ಸರ್ಕಾರದ ಪಾದದ ಫಲವೋ, ಕಪ್ಪೆಗಳ ದಾಂಪತ್ಯದ ಫಲವೋ ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಎಷ್ಟು ಮಿಲಿಮೀಟರ್ ಬೇಕೆಂದು ಸುತ್ತೋಲೆಯಲ್ಲಿ ನಮೂದಿಸದೇ ಹೋದದ್ದು ಇಲಾಖೆಯ ತಪ್ಪು ಎಂದು ನನ್ನ ಅಭಿಪ್ರಾಯ.

ಇನ್ನು ಬಾಗಿನ. ಕೆಆರ್‌ಎಸ್ 124.80 ಅಡಿ ತುಂಬಿದಾಗ ಮುಖ್ಯಮಂತ್ರಿಗಳು ಹೋಗಿ ಮೊರದಲ್ಲಿ ಅರಿಸಿನ, ಕುಂಕುಮ, ಬಳೆಗಳನ್ನಿಟ್ಟು ಕಾವೇರಿಗೆ ಅರ್ಪಿಸುತ್ತಾರೆ. ಚೆಂದದ ಪದ್ಧತಿ, ನನ್ನ ತಕರಾರಿಲ್ಲ. 2025ರಲ್ಲಿ ಈ ಬಾಗಿನ ಜೂನ್ 30ಕ್ಕೇ ನಡೆಯಿತು. ಜೂನ್ ತಿಂಗಳಲ್ಲಿ ಅಣೆಕಟ್ಟು ತುಂಬಿದ್ದು ಅದರ ಇತಿಹಾಸದಲ್ಲೇ ಮೊದಲು. ಜೂನ್ 1ರ ಸುಮಾರಿಗೆ ಕೇರಳ ತಲುಪಬೇಕಾದ ಮುಂಗಾರು ಆ ವರ್ಷ ಮೇ 24ಕ್ಕೇ ಬಂದಿಳಿದಿತ್ತು. ಹವಾಮಾನ ಬಲ್ಲವರು ಇಂಥದ್ದನ್ನು ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ. ನಮ್ಮಲ್ಲಿ ಅದು ಸಾಧನೆಗಳ ಪಟ್ಟಿಗೆ ಸೇರಿತು. 2023ರಲ್ಲಿ ಅದೇ ಅಣೆಕಟ್ಟು ತುಂಬಲಿಲ್ಲ. ಆ ವರ್ಷ ಮೊರವೂ ಅಟ್ಟದಿಂದ ಇಳಿಯಲಿಲ್ಲ. ಖಾಲಿ ಜಲಾಶಯದ ಮುಂದೆ ನಿಂತು ಮಾಡುವ ಶಾಸ್ತ್ರವೊಂದನ್ನು ನಮ್ಮ ಹಿರಿಯರು ಏಕೋ ರೂಪಿಸಿಲ್ಲ.

ಆ 2023ರ ಬರ ಸಾಮಾನ್ಯದ್ದಲ್ಲ. 223 ತಾಲ್ಲೂಕುಗಳು ಬರಪೀಡಿತ. ಅದರ ಬೆನ್ನಿಗೇ 2024ರ ಲೋಕಸಭಾ ಚುನಾವಣೆ. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ, ಉಪಮುಖ್ಯಮಂತ್ರಿಗಳೇ ತಮ್ಮ ಮನೆಯ ಬೋರ್‌ವೆಲ್ ಒಣಗಿದೆಯೆಂದು ಹೇಳಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ನೀರು ಚುನಾವಣೆಯ ವಿಷಯವಾಗಲೇಬೇಕಿತ್ತು. ಆಯಿತು ಕೂಡ, ಅರ್ಧ ಮಾತ್ರ. ಪಾತ್ರೆ ಬಂತು, ನೀರು ಬರಲಿಲ್ಲ.

ಕೇಂದ್ರವು ಕರ್ನಾಟಕಕ್ಕೆ ಕೊಟ್ಟದ್ದು ಚೊಂಬು ಎಂದು ಕಾಂಗ್ರೆಸ್ ಪತ್ರಿಕೆಗಳಲ್ಲಿ ಖಾಲಿ ಚೊಂಬಿನ ಜಾಹೀರಾತು ಕೊಟ್ಟಿತು. ಏಪ್ರಿಲ್ 20ರಂದು ಚಿಕ್ಕಬಳ್ಳಾಪುರದ ಸಭೆಯಲ್ಲಿ, ಪ್ರಧಾನಿಯವರ ಸಮ್ಮುಖದಲ್ಲೇ, ಎಚ್.ಡಿ. ದೇವೇಗೌಡರು ಹಿಂದಿನವರು ಬಿಟ್ಟುಹೋದ ಖಾಲಿ ಚೊಂಬು ಮೋದಿಯವರ ಕೈಯಲ್ಲಿ ಅಕ್ಷಯಪಾತ್ರೆಯಾಯಿತು ಎಂಬರ್ಥದ ಮಾತಾಡಿದರು. ಈ ಮಾತಿಗೆ ವೇದಿಕೆಯಾದದ್ದು ಚಿಕ್ಕಬಳ್ಳಾಪುರ! ಸಾವಿರ ಅಡಿ ಕೊರೆದರೂ ನೆಲ ಒದ್ದೆಯಾಗದ ಜಿಲ್ಲೆ. ಅಲ್ಲಿ ನೆರೆದ ಜನರಲ್ಲಿ ಎಷ್ಟು ಮಂದಿ ಬೆಳಗ್ಗೆ ಟ್ಯಾಂಕರಿನ ಮುಂದೆ ಬಿಂದಿಗೆ ಹಿಡಿದು ನಿಂತು ಬಂದಿದ್ದರೋ. ಇತ್ತ ರಾಜ್ಯ ಸರ್ಕಾರ 18,171 ಕೋಟಿ ರೂಪಾಯಿ ಬರ ಪರಿಹಾರ ಕೇಳಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು, ಅತ್ತ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಹೀಗೆ ಬರವೆಂಬುದು ಆಕಾಶದಿಂದ ಇಳಿದು ಖಾತೆ ಪುಸ್ತಕದಲ್ಲಿ ಕುಳಿತುಕೊಂಡಿತು. ಚೊಂಬು ಕೊಟ್ಟವರಾರು ಎಂಬ ಚರ್ಚೆ ಮತದಾನದವರೆಗೂ ನಡೆಯಿತು. ನೀರು ಎಲ್ಲಿಗೆ ಹೋಯಿತು ಎಂದು ಚೊಂಬಿನೊಳಗೆ ಬಗ್ಗಿ ನೋಡಿದವರು ಕಡಿಮೆ.

ಇದಾದ ಮೇಲೆ ಪಂಡಿತರು ಬಂದು, ಮತದಾರನಿಗೆ ಹವಾಮಾನ ಬದಲಾವಣೆಯ ಚಿಂತೆಯಿಲ್ಲ, ಸಮೀಕ್ಷೆ ನೋಡಿ ಎನ್ನುತ್ತಾರೆ. ನೋಡಿದೆ. ಆ ಚುನಾವಣೆಗೆ ಮುಂಚೆ ಲೋಕನೀತಿ–ಸಿಎಸ್‌ಡಿಎಸ್ ಕೇಳಿದಾಗ ಶೇಕಡ 27 ಮಂದಿ ನಿರುದ್ಯೋಗವೇ ಮುಖ್ಯ ವಿಷಯವೆಂದರು, ಶೇಕಡ 23 ಮಂದಿ ಬೆಲೆ ಏರಿಕೆ ಎಂದರು. ಸರಿಯೇ. ಕಲಬುರಗಿಯ ತೊಗರಿ ಹೊಲದಲ್ಲೇ ಒಣಗಿದ್ದರಿಂದ ಬೇಳೆ ತುಟ್ಟಿಯಾದರೆ ಗೃಹಿಣಿಯ ಉತ್ತರ ‘ಬೆಲೆ ಏರಿಕೆ’ಯ ಕಾಲಂಗೆ ಹೋಗುತ್ತದೆ. ಹೊಲ ಒಣಗಿ ಗುಳೆ ಹೊರಟವನ ಉತ್ತರ ‘ನಿರುದ್ಯೋಗ’ದ ಕಾಲಂಗೆ. ಮಳೆಗೆ ಕಾಲಮ್ಮೇ ಇಲ್ಲ. ಯೇಲ್ ವಿಶ್ವವಿದ್ಯಾಲಯದವರು 2021–22ರಲ್ಲಿ ಭಾರತದಲ್ಲಿ ಕೇಳಿದಾಗ, ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಗೊತ್ತಿರುವುದು ಸ್ವಲ್ಪವೇ, ಇಲ್ಲವೇ ಕೇಳಿಯೇ ಇಲ್ಲ ಎಂದವರು ಶೇಕಡ 54. ಹಾಗೆಂದರೇನೆಂದು ಎರಡು ಮಾತಿನಲ್ಲಿ ವಿವರಿಸಿದ ಮೇಲೆ, ಅದು ಆಗುತ್ತಿದೆ ಎಂದವರು ಶೇಕಡ 84. ಜ್ವರ ಬಂದದ್ದು ಗೊತ್ತು, ಡಾಕ್ಟರು ಅದಕ್ಕಿಟ್ಟ ಹೆಸರು ಮಾತ್ರ ಗೊತ್ತಿರಲಿಲ್ಲ.

ಮಧುಗಿರಿ ಕಡೆಯ ನಮ್ಮ ಊರಿಗೂ ಒಮ್ಮೆ ಟ್ಯಾಬ್ ಹಿಡಿದ ಹುಡುಗನೊಬ್ಬ ಸಮೀಕ್ಷೆಗೆಂದು ಬಂದಿದ್ದ. ಜಗಲಿಯ ಮೇಲೆ ಚಿಕ್ಕಪ್ಪ ಸಿಕ್ಕಿದರು.

“ಯಜಮಾನರೇ, ಹವಾಮಾನ ಬದಲಾವಣೆ ನಿಮಗೆ ಎಷ್ಟು ಮುಖ್ಯ?”

“ತುಂಬಾ ಮುಖ್ಯ ಕಣಪ್ಪ. ಈಗಿರುವ ಹವಾಮಾನ ಒಂದಿಷ್ಟೂ ಸರಿಯಿಲ್ಲ, ಬದಲಾವಣೆ ಆಗಲೇಬೇಕು ಎಂದು ಬರೆದುಕೋ.”

ಹುಡುಗ ಬರೆದುಕೊಂಡ. ದೇಶದ ಯಾವುದೋ ಒಂದು ಲೆಕ್ಕದಲ್ಲಿ ನಮ್ಮ ಚಿಕ್ಕಪ್ಪ ಹವಾಮಾನ ಬದಲಾವಣೆಯ ಕಟ್ಟಾ ಬೆಂಬಲಿಗರಾಗಿ ದಾಖಲಾಗಿದ್ದಾರೆ.

ಹುಡುಗ ಟ್ಯಾಬ್ ಮುಚ್ಚಿದ ಮೇಲೆ ಅಸಲು ಮಾತು ಶುರುವಾಯಿತು. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತಾರಲ್ಲ, ಆ ಗಾದೆ ಹಿಡಿದು ಚಿಕ್ಕಪ್ಪ ಅರ್ಧ ಗಂಟೆ ಮಾತಾಡಿದರು. 2023ರಲ್ಲಿ ಮಘೆ ಬರಲೇ ಇಲ್ಲ, ಕಡಲೆಕಾಯಿ ಹೂವಿನಲ್ಲೇ ಸುಟ್ಟುಹೋಯಿತು. ಮನೆ ಮಗನೂ ಬೆಂಗಳೂರು ಸೇರಿ ಮೆಸ್ಸಿನಲ್ಲಿ ಉಣ್ಣುತ್ತಿದ್ದಾನೆ. ಪಂಚಾಂಗದ ಮಘೆ ಬರುವುದು ಆಗಸ್ಟ್ ದ್ವಿತೀಯಾರ್ಧದಲ್ಲಿ. ಹವಾಮಾನ ಇಲಾಖೆಯ ಕಡತಗಳಲ್ಲಿ ಆ ವರ್ಷದ ಆಗಸ್ಟ್, 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್. ಮಳೆಯ ಕೊರತೆ ಶೇಕಡ 36. ಇಲಾಖೆ ಉಪಗ್ರಹ ಇಟ್ಟುಕೊಂಡು ಹೇಳಿದ್ದನ್ನೇ ಚಿಕ್ಕಪ್ಪ ಎಲೆ ಅಡಿಕೆ ಹಾಕಿಕೊಂಡು ಹೇಳಿದರು. ಅವರ ಮಾತು ಮಾತ್ರ ಸಮೀಕ್ಷೆಗೆ ಸೇರಲಿಲ್ಲ, ಟ್ಯಾಬ್ ಮುಚ್ಚಿತ್ತಲ್ಲ.

ಪಕ್ಕದ ಪಾವಗಡ ತಾಲ್ಲೂಕಿನಲ್ಲಿ ಹವಾಮಾನ ನೀತಿ ಎಂದರೆ ಏನೆಂದು ಕೇಳಿ ನೋಡಿ, ಮಕ್ಕಳೂ ಹೇಳುತ್ತಾರೆ: ಎಕರೆಗೆ ವರ್ಷಕ್ಕೆ 21,000 ರೂಪಾಯಿ. 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟ್‌ನ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ಆರಂಭದಲ್ಲಿ ಗೊತ್ತುಮಾಡಿದ ಗುತ್ತಿಗೆ ಹಣ ಅದು. ಚಿಕ್ಕಪ್ಪನ ಷಡ್ಡಕರೊಬ್ಬರು ಅಲ್ಲಿ ಜಮೀನು ಕೊಟ್ಟಿದ್ದಾರೆ. ಮಳೆ ನಂಬಿದವರು ಸೊಸೈಟಿ ಸಾಲದಲ್ಲಿದ್ದಾರೆ, ಬಿಸಿಲು ನಂಬಿದವರು ಕಾಲಮೇಲೆ ಕಾಲು ಹಾಕಿಕೊಂಡು ಕುಳಿತಿದ್ದಾರೆ. ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಅದು ಬೇರೆ ಕಥೆ.

ಮಲೆನಾಡಿನ ಮತದಾರನಂತೂ ಪರಿಸರವನ್ನೇ ನೋಡಿ ಮತ ಹಾಕುತ್ತಾನೆ, ಅದರ ವಿರುದ್ಧ. ಪಶ್ಚಿಮಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಗೆ ನಮ್ಮ ಬೆಂಬಲವಿಲ್ಲ ಎಂದು ಹೇಳದೆ ಅಲ್ಲಿ ಠೇವಣಿ ಉಳಿಸಿಕೊಳ್ಳುವುದು ಕಷ್ಟ. ಊರು ಬಿಡಿಸುತ್ತಾರೆಂಬ ಭಯ ಅವರದ್ದು. ಬಿಡಿಸುತ್ತಾರೋ ಇಲ್ಲವೋ ಎಂದು ನೆಟ್ಟಗೆ ಹೇಳುವ ಅಗತ್ಯ ಯಾವ ಪಕ್ಷಕ್ಕೂ ಕಂಡಿಲ್ಲ, ಏಕೆಂದರೆ ಭಯಕ್ಕೆ ಬೆಲೆಯಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಆ ವರದಿಯನ್ನು ತಿರಸ್ಕರಿಸಿತು. ಗುಡ್ಡಕ್ಕೆ ಪುನರ್ ಪರಿಶೀಲನಾ ಅರ್ಜಿ ಹಾಕಲು ಅವಕಾಶವಿಲ್ಲ.

ಹಾಗಾದರೆ ಹವಾಮಾನ ಬದಲಾವಣೆಯನ್ನು ಅದರ ಹೆಸರು, ಗೋತ್ರ, ಸೂತ್ರ ಸಹಿತ ಬಲ್ಲವರು ಎಲ್ಲಿದ್ದಾರೆ? ಬೆಂಗಳೂರಿನಲ್ಲಿ. 2024ರ ಮಾರ್ಚ್‌ನಲ್ಲಿ ಅವರ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮುಂಗಾರು ಕುಗ್ಗಿಸುವ ಎಲ್ ನಿನೊ ಎಂಬ ಹೆಸರು ಟ್ಯಾಂಕರ್ ಮಾಲೀಕನ ಹೆಸರಿನಷ್ಟೇ ಚಿರಪರಿಚಿತವಾಗಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಕಾರುಗಳು ದೂಳು ಹೊತ್ತು ನಿಂತವು, ಮಾಲೀಕರು ನೊಂದರು, ವ್ಯವಸ್ಥೆ ಬದಲಾಗಬೇಕೆಂದು ಬರೆದರು. ಮತದಾನದ ದಿನ ಬಂತು, ಏಪ್ರಿಲ್ 26, ಶುಕ್ರವಾರ. ಮುಂದೆ ಶನಿವಾರ, ಭಾನುವಾರ. ದೂಳು ಹೊತ್ತ ಅವೇ ಕಾರುಗಳು ತಂಪು ಹುಡುಕಿಕೊಂಡು ಮಡಿಕೇರಿ, ಸಕಲೇಶಪುರದ ಹಾದಿ ಹಿಡಿದವು. ಶಾಯಿ ಹಚ್ಚಿದ ಬೆರಳು ತೋರಿಸಿದರೆ ದೋಸೆ ಕೊಡುತ್ತೇವೆಂದು ಹೋಟೆಲಿನವರು ಗೋಗರೆದರೂ ನಗರದ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳ ಮತದಾನ ಶೇಕಡ 54ರ ಆಸುಪಾಸಿನಲ್ಲೇ ನಿಂತಿತು. ಕಾವೇರಿಯ ಹೆಸರೆತ್ತಿದರೆ ರಸ್ತೆಗಿಳಿಯುವ ಮಂಡ್ಯದಲ್ಲಿ ಅದು ಶೇಕಡ 81 ದಾಟಿತ್ತು. ಭಾನುವಾರ, ಏಪ್ರಿಲ್ 28ರಂದು, ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿಗೇರಿತು. ಪ್ರವಾಸ ಮುಗಿಸಿ ಬಂದವರು ಟೋಲ್ ಸಾಲಿನಲ್ಲಿ ನಿಂತು, ಎ.ಸಿ. ಹೆಚ್ಚಿಸಿಕೊಂಡು, ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಕಳವಳಪಟ್ಟರು.

ಎರಡೂ ರಾಷ್ಟ್ರೀಯ ಪಕ್ಷಗಳ ಪ್ರಣಾಳಿಕೆಗಳಲ್ಲಿ ಹವಾಮಾನದ ಮಾತು ಇತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ದೇಶದ ಇಂಗಾಲದ ಲೆಕ್ಕ ಸೊನ್ನೆಗೆ ಬರುವುದು 2070ಕ್ಕೆ ಎಂದು 2021ರಲ್ಲೇ ಗ್ಲಾಸ್ಗೋದಲ್ಲಿ ಮಾತು ಕೊಟ್ಟಾಗಿದೆ. ಕಾಲಕಾಲಕ್ಕೆ ನಡೆದರೆ ಅಲ್ಲಿಯವರೆಗೆ ಇನ್ನೂ ಒಂಬತ್ತು ಲೋಕಸಭಾ ಚುನಾವಣೆಗಳಿವೆ. ಒಂಬತ್ತನೆಯದರಲ್ಲಿ ಯಾರಾದರೂ ಕೇಳಿಯಾರು. ಬಿಸಿಲಿನ ವಿಚಾರ ಚುನಾವಣಾ ಆಯೋಗಕ್ಕೂ ತಡವಾಗಿಯಾದರೂ ಹೊಳೆಯಿತು. ಉತ್ತರ ಪ್ರದೇಶದಲ್ಲಿ ಕೊನೆಯ ಹಂತದ ಮತದಾನದ ವೇಳೆ 33 ಮಂದಿ ಚುನಾವಣಾ ಸಿಬ್ಬಂದಿ ಬಿಸಿಲಿನ ಹೊಡೆತಕ್ಕೆ ಸತ್ತರು ಎಂದು ಅಲ್ಲಿನ ಮುಖ್ಯ ಚುನಾವಣಾಧಿಕಾರಿಯೇ ತಿಳಿಸಿದರು. ಚುನಾವಣೆಯನ್ನು ಒಂದು ತಿಂಗಳು ಮೊದಲೇ ಮುಗಿಸಬೇಕಿತ್ತು ಎಂದು ಮುಖ್ಯ ಚುನಾವಣಾ ಆಯುಕ್ತರು ಜೂನ್ 3ರಂದು, ಎಣಿಕೆಯ ಹಿಂದಿನ ದಿನ, ಒಪ್ಪಿಕೊಂಡರು. ಹವಾಮಾನ ಮತದಾನದ ವಿಷಯವಾಗಲಿಲ್ಲ, ಮತಗಟ್ಟೆಯ ವಿಷಯವಾಯಿತು.

ಕಳೆದ ವರ್ಷದ ಏಪ್ರಿಲ್‌ನಲ್ಲಿ ಚಿಕ್ಕಪ್ಪ ಮತ್ತೊಂದು ಬೋರ್ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಸುತ್ತಿ ನೀರು ನೋಡುವವರು ಪಾಯಿಂಟ್ ಗುರುತು ಮಾಡಿದ್ದರು. ತಿರುಚೆಂಗೋಡಿನ ಲಾರಿ ರಾತ್ರಿಯೇ ಬಂದು ನಿಂತಿತ್ತು. ಚಿಕ್ಕಮ್ಮ ಚೊಂಬಿಗೆ ಮಾವಿನೆಲೆ, ಕಾಯಿ ಇಟ್ಟು ಕಳಶ ಮಾಡಿ ಪೂಜಿಸಿದರು. ನಮ್ಮ ಕಡೆಯ ಮರಿ ನಾಯಕರೊಬ್ಬರೂ ಬಿಳಿ ಅಂಗಿಯಲ್ಲಿ ಹಾಜರಿದ್ದರು. 2021ರಲ್ಲೇ ನಡೆಯಬೇಕಿದ್ದ ಜಿಲ್ಲಾ ಪಂಚಾಯಿತಿ ಚುನಾವಣೆಗೆ ಅವರು ಅಂದಿನಿಂದಲೂ ಸಂಭಾವ್ಯ ಅಭ್ಯರ್ಥಿ. ಒಂಬೈನೂರು ಅಡಿ ದಾಟಿತು, ಸಾವಿರದ ಐವತ್ತಾಯಿತು. ಮೇಲೆ ಬಂದದ್ದು ಬೂದುಬಣ್ಣದ ಕಲ್ಲುಪುಡಿ. ಅದು ಕಳಶದ ಮೇಲೆ, ಮಾವಿನೆಲೆಯ ಮೇಲೆ, ನಾಯಕರ ಅಂಗಿಯ ಮೇಲೆ ಭೇದವಿಲ್ಲದೆ ಕೂತಿತು. ಅವರು ಕೊಡವಿಕೊಂಡು, “ಚುನಾವಣೆಯೊಂದು ಬರಲಿ ಯಜಮಾನರೇ, ಗಂಗಾ ಕಲ್ಯಾಣದಲ್ಲಿ ಇನ್ನೊಂದು ಹಾಕಿಸೋಣ” ಎಂದು ಬೈಕ್ ಹತ್ತಿದರು.

ಲಾರಿಯ ಸದ್ದು ನಿಂತಿತು. ನೀರು ನೋಡುವವರು ತಮ್ಮ ತೆಂಗಿನಕಾಯಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ, “ಪಾಯಿಂಟೇನೋ ಸರಿಯಾಗಿಯೇ ಇತ್ತು. ಯಾರ ಕಾಲ್ಗುಣವೋ” ಎಂದರು.

ಚಿಕ್ಕಪ್ಪ ಕಲ್ಲುಪುಡಿಯಲ್ಲಿ ಹೂತಿದ್ದ ತಮ್ಮ ಕಾಲುಗಳನ್ನು ನೋಡಿಕೊಂಡರು.