ಒಂದೇ ಸಾಲು ಎಷ್ಟು ಕಡೆ ಇದೆ ಅಂತ ಮೊದಲು ಎಣಿಸಿ

ಬೆಂಗಳೂರಿನಲ್ಲಿ ಮ್ಯಾನುವಲ್ ಬರೆಯುವ ಟೆಕ್ನಿಕಲ್ ರೈಟರ್‌ಗಳು ನಾಲ್ಕು ಜನ ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಟೀಮಿಗೆ ಸಿಎಂಎಸ್ (ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ, ಅಂದರೆ ಬರೆದದ್ದನ್ನೆಲ್ಲ ಒಂದು ಕಡೆ ಇಟ್ಟು ನೋಡಿಕೊಳ್ಳುವ ಸಾಫ್ಟ್‌ವೇರ್) ಬೇಕಾ, ಬೇಡ್ವಾ? ಹೆಚ್ಚಿನ ಮ್ಯಾನೇಜರುಗಳು ತಲೆ ಎಣಿಸಿ ಉತ್ತರ ಕೊಡುತ್ತಾರೆ. ಇಬ್ಬರೋ ಮೂವರೋ ಇದ್ದರೆ ವರ್ಡ್ ಸಾಕು, ಇಪ್ಪತ್ತು ಜನರಾದ ಮೇಲೆ ದೊಡ್ಡ ಸಿಸ್ಟಂ ಬಗ್ಗೆ ಯೋಚಿಸೋಣ ಅಂತ. ಈ ಲೆಕ್ಕ ಸರಿ ಇಲ್ಲ. ಇಪ್ಪತ್ತು ಜನರಿದ್ದೂ ಸಿಎಂಎಸ್ ಬೇಡದ ಟೀಮುಗಳಿವೆ. ಇಬ್ಬರೇ ಇದ್ದು, ಅದಿಲ್ಲದೆ ಒದ್ದಾಡುವ ಟೀಮುಗಳೂ ಇವೆ. ನೋಡಬೇಕಾದ್ದು ಒಂದೇ ಸಾಲು ಎಷ್ಟು ಕಡೆ ಕೂತಿದೆ ಅನ್ನುವುದನ್ನು.

ಒಂದು ಪಂಪ್ ತಯಾರಿಸುವ ಕಂಪನಿ ಇದೆ ಅಂದುಕೊಳ್ಳಿ. ಆರು ಮಾಡೆಲ್. ಪ್ರತಿ ಮಾಡೆಲ್‌ಗೂ ನಾಲ್ಕು ಪುಸ್ತಕ: ಅಳವಡಿಸುವವರಿಗೆ ಒಂದು, ಬಳಸುವವರಿಗೆ ಒಂದು, ಸರ್ವಿಸ್ ಮಾಡುವವರಿಗೆ ಒಂದು, ಜೊತೆಗೆ ಒಂದು ಚಿಕ್ಕ ಕ್ವಿಕ್ ಗೈಡ್. ಎಲ್ಲದರಲ್ಲೂ ಒಂದು ಎಚ್ಚರಿಕೆ ಇದೆ. "ಮುಚ್ಚಳ ತೆಗೆಯುವ ಮೊದಲು ಕರೆಂಟ್ ಆಫ್ ಮಾಡಿ, 5 ನಿಮಿಷ ಕಾಯಿರಿ." ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ನ ಕೆಪಾಸಿಟರುಗಳಲ್ಲಿ ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ, ಅದಕ್ಕೆ. ಈಗ ಕಂಪನಿ ಬೇರೆ ಡ್ರೈವ್ ಹಾಕಿತು. 5 ನಿಮಿಷ ಸಾಲದು, 15 ಬೇಕು. ರೈಟರ್ 24 ಫೈಲ್ ತೆಗೆದು ತಿದ್ದಬೇಕು. ಹತ್ತು ಭಾಷೆಗಳಿದ್ದರೆ 240. ಅದರಲ್ಲಿ ಒಂದು ಬಿಟ್ಟುಹೋದರೂ, ಎಲ್ಲೋ ಒಬ್ಬ ಮೆಕ್ಯಾನಿಕ್ ಹಳೆಯ ಸಾಲು ನಂಬಿ ಐದು ನಿಮಿಷಕ್ಕೇ ಕೈ ಹಾಕುತ್ತಾನೆ. ಡಾಕ್ಯುಮೆಂಟೇಶನ್ ಅಂದರೆ ಪ್ರಾಡಕ್ಟ್ ಜೊತೆ ಕೊಡುವ ಕಾಗದ ಅಷ್ಟೇ ಅಂದುಕೊಂಡವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುತ್ತದೆ ನನಗೆ.

ಇಂಥ ಕಡೆ ಬೇಕಾಗುವುದು ಕಾಂಪೊನೆಂಟ್ ಸಿಎಂಎಸ್, ಅಂದರೆ ಬರಹವನ್ನು ತುಂಡು ತುಂಡಾಗಿ ಇಡುವ ಸಿಎಂಎಸ್. ಆ ಎಚ್ಚರಿಕೆ ಒಂದೇ ಜಾಗದಲ್ಲಿ ಇರುತ್ತದೆ. 24 ಪುಸ್ತಕಗಳು ಅದನ್ನು ಅಲ್ಲಿಂದ ಕರೆಸಿಕೊಳ್ಳುತ್ತವೆ. ಒಂದು ಕಡೆ ತಿದ್ದಿದರೆ ಮುಂದಿನ ಪಬ್ಲಿಷ್‌ನಲ್ಲಿ ಎಲ್ಲ ಕಡೆ ಬದಲಾಗುತ್ತದೆ. ಆ ಸಾಲು ಯಾವ ಯಾವ ಪುಸ್ತಕದಲ್ಲಿದೆ, ಯಾರು ಬದಲಿಸಿದರು, ಯಾರು ಒಪ್ಪಿಗೆ ಕೊಟ್ಟರು, ಯಾವ ಭಾಷೆಯಲ್ಲಿ ಇನ್ನೂ ಹಳೆಯದೇ ಉಳಿದಿದೆ, ಎಲ್ಲವನ್ನೂ ಕೇಳಿದ ತಕ್ಷಣ ಹೇಳುತ್ತದೆ.

ಇಲ್ಲಿ ಐಟಿ ವಿಭಾಗದವರು ಒಂದು ಮಾತು ಹೇಳುತ್ತಾರೆ. "ಶೇರ್‌ಪಾಯಿಂಟ್ ಇದೆಯಲ್ಲ, ಅದೂ ಕಂಟೆಂಟ್ ಮ್ಯಾನೇಜ್‌ಮೆಂಟೇ." ಅಲ್ಲ ಸ್ವಾಮಿ. ಶೇರ್‌ಪಾಯಿಂಟ್ ಫೈಲುಗಳನ್ನು ಜೋಪಾನ ಮಾಡುತ್ತದೆ. ವರ್ಡ್ ಫೈಲಿನ ಹದಿನೇಳನೇ ಪುಟದ ಎರಡನೇ ಪ್ಯಾರಾ ಇನ್ನೂ ಯಾವ ಫೈಲುಗಳಲ್ಲಿ ಇದೆ ಅಂತ ಅದಕ್ಕೆ ಗೊತ್ತಿಲ್ಲ. ವರ್ಡ್‌ಪ್ರೆಸ್ ಥರದ ವೆಬ್ ಸಿಎಂಎಸ್ ಪುಟಗಳನ್ನು ನೋಡಿಕೊಳ್ಳುತ್ತದೆ. ಮೂರೂ ಬೇರೆ ಬೇರೆ ಕೆಲಸ. ಹೆಸರು ಒಂದೇ ಥರ ಇದೆ ಅಂತ ಬಜೆಟ್ ಮೀಟಿಂಗಿನಲ್ಲಿ ಮೂರನ್ನೂ ಒಂದೇ ಮಾಡಿಬಿಡುತ್ತಾರೆ.

ತುಂಡು ತುಂಡಾಗಿ ಬರೆದು ಜೋಡಿಸುವ ಈ ಪದ್ಧತಿ ಹೊಸದೇನಲ್ಲ. ಬರಹದ ಪ್ರತಿ ಭಾಗಕ್ಕೂ ಇದು ಏನು ಅಂತ ಗುರುತು ಹಾಕುವ ಎಕ್ಸ್‌ಎಂಎಲ್ 1998ರಲ್ಲಿ ಬಂತು. ಐಬಿಎಂನವರು ತಮ್ಮ ಮ್ಯಾನುವಲ್‌ಗಳಿಗಾಗಿ ಮಾಡಿಕೊಂಡಿದ್ದ ಎಕ್ಸ್‌ಎಂಎಲ್ ಆಧಾರದ ಡಿಟಾ ಎಂಬ ವ್ಯವಸ್ಥೆಯನ್ನು, ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಒಯಾಸಿಸ್ ಸಂಸ್ಥೆಗೆ ಒಪ್ಪಿಸಿದರು. 2005ರಲ್ಲಿ ಅದು ಎಲ್ಲರಿಗೂ ತೆರೆದ ಸ್ಟ್ಯಾಂಡರ್ಡ್ ಆಯಿತು. ವಿಮಾನಗಳ ಮ್ಯಾನುವಲ್‌ಗಳಲ್ಲಿ ಬಳಸುವ ಎಸ್1000ಡಿ ಎಂಬ ಸ್ಟ್ಯಾಂಡರ್ಡ್ ಅದಕ್ಕೂ ಹಳೆಯದು. ಡಿಟಾ ಬಳಸಲು ಸಿಎಂಎಸ್ ಇರಲೇಬೇಕು ಅಂತಿಲ್ಲ ಅನ್ನುವುದು ಮುಖ್ಯ. ಡಿಟಾ ಫೈಲುಗಳಿಂದ ಪುಸ್ತಕ, ವೆಬ್ ಪುಟ ತಯಾರಿಸುವ ಡಿಟಾ ಓಪನ್ ಟೂಲ್‌ಕಿಟ್ ಉಚಿತ. ಒಂದು ಎಕ್ಸ್‌ಎಂಎಲ್ ಎಡಿಟರ್, ಫೈಲುಗಳನ್ನೂ ಅವುಗಳ ಹಳೆಯ ಆವೃತ್ತಿಗಳನ್ನೂ ಇಡಲು ಗಿಟ್, ಇಷ್ಟರಲ್ಲೇ ಚಿಕ್ಕ ಟೀಮು ಬಹಳ ದೂರ ಹೋಗಬಹುದು. ಒಂದೆರಡು ಭಾಷೆ, ನೂರಾರು ಟಾಪಿಕ್ (ಒಂದೊಂದು ವಿಷಯದ ಒಂದೊಂದು ತುಂಡು) ಇರುವವರೆಗೆ ಇದೇ ಸಾಕು ಅಂತ ನನ್ನ ಅಭಿಪ್ರಾಯ.

ಆಟ ಬದಲಾಗುವುದು ಭಾಷೆಗಳು ಹೆಚ್ಚಾದಾಗ. ಯುರೋಪಿನಲ್ಲಿ ಯಂತ್ರ ಮಾರಬೇಕಾದರೆ ಬಳಕೆಯ ಸೂಚನೆಗಳು ಆಯಾ ದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು. ಅಲ್ಲಿನ ಕಾನೂನಾದ 2006ರ ಮೆಷಿನರಿ ಡೈರೆಕ್ಟಿವ್ ಹಾಗೇ ಹೇಳುತ್ತದೆ. 2027ರ ಜನವರಿಯಿಂದ ಅದರ ಜಾಗಕ್ಕೆ ಬರುವ ಹೊಸ ರೆಗ್ಯುಲೇಶನ್ ಡಿಜಿಟಲ್ ಮ್ಯಾನುವಲ್‌ಗೆ ಅವಕಾಶ ಕೊಡುತ್ತದೆಯೇ ಹೊರತು ಭಾಷೆಯ ಹೊಣೆ ಕಡಿಮೆ ಮಾಡುವುದಿಲ್ಲ. ಯುರೋಪಿಯನ್ ಯೂನಿಯನ್‌ಗೆ ಅಧಿಕೃತ ಭಾಷೆಗಳೇ 24. ವರ್ಡ್‌ನಲ್ಲೋ ಫ್ರೇಮ್‌ಮೇಕರ್‌ನಲ್ಲೋ ಇಡೀ ಪುಸ್ತಕವಾಗಿ ಬರೆಯುವವರು ನಾಲ್ಕು ಸಾಲು ಬದಲಾದರೂ ಇಡೀ ಪುಸ್ತಕವನ್ನೇ ಅನುವಾದದ ಏಜೆನ್ಸಿಗೆ ಕಳಿಸುತ್ತಾರೆ. ಹಿಂದೆ ಅನುವಾದಿಸಿದ ಸಾಲುಗಳನ್ನು ಉಳಿಸಿಡುವ ಟ್ರಾನ್ಸ್‌ಲೇಶನ್ ಮೆಮೊರಿ ಇರುವುದರಿಂದ ಹಳೆಯ ಸಾಲುಗಳಿಗೆ ಪೂರ್ತಿ ದುಡ್ಡು ಆಗುವುದಿಲ್ಲ, ನಿಜ. ಆದರೆ ಅನುವಾದ ಬಂದ ಮೇಲೆ ಪುಟ ಜೋಡಿಸುವ ಕೆಲಸ ಇದೆಯಲ್ಲ, ಅದು ಪ್ರತಿ ಭಾಷೆಗೂ ಹೊಸದಾಗಿ ಆಗಬೇಕು. ಇಂಗ್ಲಿಷಿನಿಂದ ಜರ್ಮನ್‌ಗೆ ಹೋದರೆ ಮಾತು ಉದ್ದವಾಗುತ್ತದೆ. ಟೇಬಲ್ ಒಡೆಯುತ್ತದೆ, ಚಿತ್ರ ಮುಂದಿನ ಪುಟಕ್ಕೆ ಜಾರುತ್ತದೆ. ಅದನ್ನೆಲ್ಲ ಕೈಯಲ್ಲಿ ಸರಿಪಡಿಸಲು ಒಬ್ಬರಿಗೆ ದಿನಗಟ್ಟಲೆ ಕೆಲಸ. ಎಕ್ಸ್‌ಎಂಎಲ್‌ನಲ್ಲಿ ಪುಟ ಹೇಗೆ ಕಾಣಬೇಕು ಅಂತ ಹೇಳುವ ಸ್ಟೈಲ್‌ಶೀಟ್ ಒಮ್ಮೆ ಸರಿಯಾಗಿ ಮಾಡಿದರೆ ಆ ಖರ್ಚು ಬಹುಪಾಲು ಹೋಗಿಬಿಡುತ್ತದೆ. ಸಿಎಂಎಸ್ ಸೇರಿದರೆ ಬದಲಾದ ಟಾಪಿಕ್ ಮಾತ್ರ ಅನುವಾದಕ್ಕೆ ಹೋಗುತ್ತದೆ. ನಿಜವಾದ ಉಳಿತಾಯ ಇರುವುದು ಇಲ್ಲೇ. ಫೈನಾನ್ಸ್‌ನವರ ಮುಂದೆ ರೈಟರ್‌ಗಳ ಸಮಯ ಉಳಿಯುತ್ತದೆ ಅಂತ ವಾದ ಮಾಡಬೇಡಿ. ಅನುವಾದದ ಬಿಲ್ಲುಗಳನ್ನು ತೆಗೆದುಕೊಂಡು ಹೋಗಿ, ಪುಟ ಜೋಡಣೆಯ ಸಾಲುಗಳಿಗೆ ಗೆರೆ ಎಳೆದು ತೋರಿಸಿ.

ನನಗೆ ಇನ್ನೊಂದು ಆಸೆಯೂ ಇದೆ. ಹೀಗೆ ಒಪ್ಪವಾಗಿ ಜೋಡಿಸಿಟ್ಟ ಕಡೆ ಇನ್ನೊಂದು ಭಾಷೆ ಸೇರಿಸುವುದು ಅಷ್ಟು ಭಾರವಲ್ಲ. ಪೋಲಿಷ್, ಫಿನ್ನಿಷ್ ಮ್ಯಾನುವಲ್‌ಗಳು ಬೆಂಗಳೂರಿನ ಆಫೀಸುಗಳಿಂದ ಹೊರಡುತ್ತವೆ. ಅದೇ ಪಂಪನ್ನು ಚಿತ್ರದುರ್ಗದಲ್ಲೋ ಮಂಡ್ಯದಲ್ಲೋ ಕೂರಿಸುವವರಿಗೆ ಕನ್ನಡದಲ್ಲಿ ಎಚ್ಚರಿಕೆ ಓದಲು ಸಿಗುವುದು ಅಪರೂಪ. ಕನ್ನಡ ಸೇರಿಸೋಣ ಅಂತ ಟೀಮಿನೊಳಗೆ ಕೇಳಬಲ್ಲವರು ನಾವೇ ಅಲ್ವಾ?

ವೈದ್ಯಕೀಯ ಉಪಕರಣದವರದ್ದು ಇನ್ನೊಂದು ಕಥೆ. ಅಲ್ಲಿ ಭಾಷೆ ಎರಡೇ ಇದ್ದರೂ ಸಿಎಂಎಸ್ ಬೇಕಾಗಬಹುದು. ಆಡಿಟ್‌ಗೆ ಬಂದವರು, ಈ ಸಾಲಿಗೆ ಯಾರು ಯಾವತ್ತು ಸಹಿ ಹಾಕಿದರು ಅಂತ ಕೇಳುತ್ತಾರೆ. ಎಲೆಕ್ಟ್ರಾನಿಕ್ ದಾಖಲೆ ಮತ್ತು ಸಹಿ ಹೇಗಿರಬೇಕು ಅಂತ ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಅಮೆರಿಕದ ಎಫ್‌ಡಿಎ 1997ರಲ್ಲೇ ನಿಯಮ ಮಾಡಿದೆ. ಇಮೇಲ್‌ನಲ್ಲಿ ಬಂದ "ಓಕೆ" ಅನ್ನುವ ಉತ್ತರವನ್ನು ಹುಡುಕಿ ತೋರಿಸುವ ಪಾಡು ಯಾರಿಗೂ ಬೇಡ.

ಹಾಗಾದರೆ ಬೇಡದವರು ಯಾರು? ಮುಖ್ಯವಾಗಿ ಸಾಫ್ಟ್‌ವೇರ್‌ನವರು. ಒಂದೇ ಪ್ರಾಡಕ್ಟ್, ಇಂಗ್ಲಿಷ್ ಮಾತ್ರ, ಎಲ್ಲವೂ ವೆಬ್‌ನಲ್ಲಿ, ವಾರಕ್ಕೊಮ್ಮೆ ರಿಲೀಸ್. ಇಂಥವರಿಗೆ ಸರಳ ಗುರುತುಗಳಲ್ಲಿ ಬರೆಯುವ ಮಾರ್ಕ್‌ಡೌನ್, ಗಿಟ್, ಬರೆದದ್ದನ್ನು ವೆಬ್ ಪುಟವಾಗಿಸುವ ಸ್ಫಿಂಕ್ಸ್ ಅಥವಾ ಹ್ಯೂಗೋ ಥರದ ಒಂದು ಟೂಲ್ ಸಾಕು. ಕುಬರ್ನೆಟಿಸ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಡಾಕ್ಯುಮೆಂಟೇಶನ್ ಹ್ಯೂಗೋ ಮೇಲೇ ನಡೆಯುತ್ತಿದೆ, ಪ್ರಪಂಚದ ಮೂಲೆ ಮೂಲೆಯಿಂದ ಜನ ಅದಕ್ಕೆ ಬರೆಯುತ್ತಾರೆ. ಇಂಥ ಕಡೆ ಡೆವಲಪರ್‌ಗಳೂ ಡಾಕ್ಯುಮೆಂಟ್ ತಿದ್ದಬೇಕು. ಅವರನ್ನು ಬೇರೆ ಸಿಸ್ಟಂಗೆ ಲಾಗಿನ್ ಆಗಿ ಅಂದರೆ ತಿದ್ದುವುದನ್ನೇ ಬಿಟ್ಟುಬಿಡುತ್ತಾರೆ. ಬೇಡದ ಕಡೆ ಸಿಎಂಎಸ್ ತಂದರೆ ದುಡ್ಡು ಹೋಗುವುದು ಒಂದು ಕಡೆ, ಇಂಜಿನಿಯರ್ ಮತ್ತು ರೈಟರ್ ನಡುವೆ ಗೋಡೆ ಏಳುವುದು ಇನ್ನೊಂದು ಕಡೆ. ಎರಡನೆಯದೇ ಜಾಸ್ತಿ ನಷ್ಟ.

ಬೇಕು ಅಂತ ತೀರ್ಮಾನಿಸಿದವರಿಗೂ ಒಂದು ಮಾತಿದೆ. ಟೂಲ್ ಬಂದ ತಕ್ಷಣ ಬರವಣಿಗೆ ಒಂದಾಗುವುದಿಲ್ಲ. ಒಬ್ಬರು "ಕರೆಂಟ್ ಆಫ್ ಮಾಡಿ" ಅಂತ ಬರೆದಿದ್ದಾರೆ, ಇನ್ನೊಬ್ಬರು "ವಿದ್ಯುತ್ ಸಂಪರ್ಕ ಕಡಿತಗೊಳಿಸಿ" ಅಂತ. ಎರಡೂ ಒಂದೇ ಅಂತ ಮನುಷ್ಯನಿಗೆ ಗೊತ್ತು, ಸಿಸ್ಟಂಗೆ ಗೊತ್ತಿಲ್ಲ. ಹಳೆಯ ಫೈಲುಗಳನ್ನೆಲ್ಲ ಹಾಗೇ ಕನ್ವರ್ಟ್ ಮಾಡಿ ಒಳಗೆ ಸುರಿದರೆ, ಹಳೇ ಮನೆಯ ಅಟ್ಟದ ಸಾಮಾನನ್ನು ಬಿಚ್ಚದೆ ಹೊಸ ಮನೆಯ ಅಟ್ಟಕ್ಕೆ ಏರಿಸಿದ ಹಾಗೆ. ಯಾವುದು ಉಳಿಯಬೇಕು, ಯಾವ ಎರಡು ಒಂದಾಗಬೇಕು ಅಂತ ಕೂತು ನೋಡುವ ಕೆಲಸವೇ ದೊಡ್ಡದು. ಅದಕ್ಕೆ ತಿಂಗಳುಗಳು ಬೇಕು, ಅನುಭವ ಇರುವ ರೈಟರ್ ಬೇಕು. ಲೈಸೆನ್ಸ್‌ನ ದುಡ್ಡು ಮಾತ್ರ ಮಂಜೂರು ಮಾಡಿ ಈ ಸಮಯ ಕೊಡದ ಕಂಪನಿಗಳಲ್ಲಿ ಆ ಭಾರವೆಲ್ಲ ರೈಟರ್‌ಗಳ ಶನಿವಾರ ಭಾನುವಾರಗಳ ಮೇಲೆ ಬೀಳುತ್ತದೆ. ರಿಲೀಸ್ ಡೇಟು ಹಾಗೇ ಇರುತ್ತದೆ, ಹಳೆ ಕೆಲಸವೂ ನಡೆಯಬೇಕು, ಹೊಸ ಸಿಸ್ಟಂಗೆ ವಲಸೆಯೂ ಆಗಬೇಕು. ಇದು ಅನ್ಯಾಯ, ನೇರವಾಗಿ ಹೇಳುತ್ತೇನೆ. ಮೊದಲ ವರ್ಷ ಕೆಲಸ ನಿಧಾನವಾಗುತ್ತದೆ ಅಂತ ಮೊದಲೇ ಒಪ್ಪಿಕೊಂಡು ಪ್ಲಾನ್ ಮಾಡಬೇಕು.

ಮರುಬಳಕೆಯ ಉತ್ಸಾಹದಲ್ಲಿ ಒಂದೊಂದು ಪದವನ್ನೂ ಕಾಂಪೊನೆಂಟ್ ಮಾಡಲು ಹೋಗಬೇಡಿ. ಇಂಗ್ಲಿಷಿನಲ್ಲಿ ವಾಕ್ಯದ ನಡುವೆ ಪದ ಬದಲಿಸಿದರೆ ನಡೆಯುತ್ತದೆ. ಕನ್ನಡದಲ್ಲಿ ಪಂಪ್ ಹೋಗಿ ಕವಾಟ ಬಂದರೆ "ಪಂಪನ್ನು" ಅನ್ನುವುದು "ಕವಾಟವನ್ನು" ಆಗಬೇಕು, ಸಿಸ್ಟಂ ಅದನ್ನು ಮಾಡುವುದಿಲ್ಲ. ಜರ್ಮನ್, ರಷ್ಯನ್‌ಗಳಲ್ಲೂ ಇದೇ ತೊಂದರೆ. ಪೂರ್ತಿ ವಾಕ್ಯಕ್ಕಿಂತ ಚಿಕ್ಕದಾಗಿ ಒಡೆಯದಿರುವುದು ಒಳ್ಳೆಯದು. ಪ್ರಾಡಕ್ಟ್ ಹೆಸರಿನದು ಮಾತ್ರ ಬೇರೆ ಮಾತು.

ಕೊಳ್ಳುವ ಮುನ್ನ ಒಂದು ಪ್ರಾಡಕ್ಟ್, ಎರಡು ಭಾಷೆ ಆರಿಸಿಕೊಂಡು ಒಂದು ನಿಜವಾದ ರಿಲೀಸ್ ಅದರಲ್ಲಿ ಮಾಡಿ ನೋಡಿ. ಮಾರುವವರ ಡೆಮೊದಲ್ಲಿ ಅವರದೇ ಕಂಟೆಂಟ್ ಇರುತ್ತದೆ, ಅದು ಯಾವಾಗಲೂ ಚೆನ್ನಾಗಿಯೇ ಓಡುತ್ತದೆ. ನಿಮ್ಮ ಅತ್ಯಂತ ಕೆಟ್ಟ ಟೇಬಲ್ ಇರುವ ಅಧ್ಯಾಯವನ್ನೇ ಕೊಡಿ. ದಿನಾ ಅದರಲ್ಲಿ ಕೂತು ಬರೆಯುವ ರೈಟರ್‌ಗಳನ್ನು ಆ ಮೀಟಿಂಗಿಗೆ ಕರೆಯಿರಿ, ಮ್ಯಾನೇಜರುಗಳಷ್ಟೇ ಕೂತು ತೀರ್ಮಾನಿಸಬೇಡಿ. ಐದು ವರ್ಷದ ನಂತರ ನಿಮ್ಮನ್ನು ಬಿಟ್ಟು ಹೋಗುತ್ತೇವೆ ಅಂದರೆ ನಮ್ಮ ಟಾಪಿಕ್‌ಗಳು, ಅವುಗಳ ಹಳೆಯ ಆವೃತ್ತಿಗಳು, ಅನುವಾದಗಳು, ಯಾವುದು ಎಲ್ಲಿ ಬಳಕೆಯಾಗಿದೆ ಅನ್ನುವ ವಿವರ, ಎಲ್ಲ ಯಾವ ರೂಪದಲ್ಲಿ ವಾಪಸ್ ಸಿಗುತ್ತವೆ ಅಂತ ಮಾರುವವರನ್ನು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಂಡು, ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಮೊದಲು ಅದರೊಳಗೆ ಸೇರಿಸಿ.